ಒಂದು ಸರದಿ ಮುಂದೆ ಹೋಗಲು ಎಷ್ಟು ಕೊಡಬಹುದು?

2017ರ ಏಪ್ರಿಲ್ 27ರ ಸಂಜೆ ಫಿಲಡೆಲ್ಫಿಯಾ ನಗರದಲ್ಲಿ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮ, ಆರಂಭವಾದಾಗ ಶಿಕಾಗೊ ಬೇರ್ಸ್ ತಂಡದ ಸರದಿ ಮೂರನೆಯದಾಗಿತ್ತು. ಕ್ಲೀವ್‌ಲ್ಯಾಂಡ್ ತಂಡ ಮೊದಲ ಆಟಗಾರನನ್ನು ಆರಿಸಿಕೊಂಡ ನಂತರ ಬೇರ್ಸ್ ತಂಡವು ಎರಡನೆಯ ಸರದಿಯಲ್ಲಿದ್ದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದೊಂದಿಗೆ ಜಾಗ ಬದಲಾಯಿಸಿಕೊಂಡಿತು. ಕೇವಲ ಒಂದು ಸ್ಥಾನ ಮುಂದೆ ಹೋಗುವುದಕ್ಕಾಗಿ ಅದು ಆ ವರ್ಷದ ಮೂರನೆಯ ಮತ್ತು ನಾಲ್ಕನೆಯ ಸುತ್ತಿನ ತನ್ನ ಆಯ್ಕೆಗಳನ್ನೂ 2018ರ ಮೂರನೆಯ ಸುತ್ತಿನ ಆಯ್ಕೆಯನ್ನೂ ಬಿಟ್ಟುಕೊಟ್ಟಿತು. ಅಷ್ಟು ಕೊಟ್ಟು ಪಡೆದದ್ದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಕ್ರಮಣವನ್ನು ನಡೆಸುವ ಆಟಗಾರ, ಮಿಚೆಲ್ ಟ್ರುಬಿಸ್ಕಿಯನ್ನು. ಮೂರನೆಯ ಸ್ಥಾನಕ್ಕೆ ಇಳಿದ ಫಾರ್ಟಿನೈನರ್ಸ್ ಆರಿಸಿದ್ದು ಕ್ವಾರ್ಟರ್‌ಬ್ಯಾಕ್‌ನನ್ನಲ್ಲ, ಸಾಲಮನ್ ಥಾಮಸ್ ಎಂಬ ರಕ್ಷಣಾ ಪಡೆಯ ಆಟಗಾರನನ್ನು.

ಅದೇ ಸಂಜೆ ಸ್ವಲ್ಪ ಹೊತ್ತಿನ ನಂತರ ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡ ಇಪ್ಪತ್ತೇಳನೆಯ ಸ್ಥಾನದಿಂದ ಹತ್ತನೆಯ ಸ್ಥಾನಕ್ಕೆ ಏರಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರಿಸಿಕೊಂಡಿತು. ಟ್ರುಬಿಸ್ಕಿ ನಾಲ್ಕು ಋತುಗಳ ನಂತರ ಶಿಕಾಗೊ ಬಿಟ್ಟರು. ಮಹೋಮ್ಸ್ 2020, 2023 ಮತ್ತು 2024ರ ಫೆಬ್ರುವರಿಗಳಲ್ಲಿ ಚೀಫ್ಸ್ ತಂಡಕ್ಕೆ ಮೂರು ಸೂಪರ್ ಬೌಲ್‌ಗಳನ್ನು, ಅಂದರೆ ಲೀಗ್‌ನ ಅಂತಿಮ ಪಂದ್ಯಗಳನ್ನು, ಗೆದ್ದುಕೊಟ್ಟರು. ಒಂದೇ ರಾತ್ರಿ, ಒಂದೇ ಸ್ಥಾನದ ಆಟಗಾರನಿಗಾಗಿ, ಒಂದೇ ಬಗೆಯ ವ್ಯವಹಾರ ಮಾಡಿದ ಎರಡು ತಂಡಗಳ ಗತಿ ಹೀಗೆ ಬೇರೆಯಾದದ್ದನ್ನು ನೋಡಿದವರು ಇದೆಲ್ಲ ಅದೃಷ್ಟದಾಟ ಎಂದುಬಿಡುತ್ತಾರೆ. ಅದೃಷ್ಟದ ಪಾಲು ದೊಡ್ಡದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಜೂಜಿನಲ್ಲಿ ಯಾರು ಯಾವಾಗ ಪಣ ಒಡ್ಡಬಹುದು, ಸೋತರೆ ಯಾರು ತಡೆದುಕೊಳ್ಳಬಲ್ಲರು ಎಂಬುದಕ್ಕೆ ಲೆಕ್ಕವಿದೆ. ಆ ಲೆಕ್ಕ ಆಟಗಾರನ ಪ್ರತಿಭೆಗಿಂತ ಹೆಚ್ಚಾಗಿ ಕೊಳ್ಳುವ ತಂಡದ ಸ್ಥಿತಿಯನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಸಾಮಾನ್ಯವಾಗಿ ಆಡುವ ಕಾಲ್ಚೆಂಡಾಟವಲ್ಲ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಆಕ್ರಮಣದ ಪ್ರತಿ ಆಟದಲ್ಲೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುತ್ತದೆ, ಅದನ್ನು ಯಾರಿಗೆ ಎಸೆಯಬೇಕು ಅಥವಾ ಕೊಡಬೇಕು ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ಅವನೇ ತೀರ್ಮಾನಿಸುತ್ತಾನೆ. ಮುಂದೆ ಬರುವ ಲೆಕ್ಕಾಚಾರಗಳಲ್ಲಿ ಈ ಒಬ್ಬ ಆಟಗಾರನಿಗೆ ಮಾತ್ರ ಬೇರೆ ನ್ಯಾಯ ಏಕೆ ಎಂಬುದಕ್ಕೆ ಇಷ್ಟು ಹಿನ್ನೆಲೆ ಸಾಕು.

ಡ್ರಾಫ್ಟ್ ಎಂಬುದು ಕಾಲೇಜು ಫುಟ್‌ಬಾಲ್ ಮುಗಿಸಿ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಹಂಚಿಕೊಳ್ಳುವ ವ್ಯವಸ್ಥೆ. ತಂಡಗಳು 32, ಸುತ್ತುಗಳು ಏಳು. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಪ್ರತಿ ಸುತ್ತಿನಲ್ಲೂ ಮೊದಲ ಸರದಿ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊನೆಯ ಸರದಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕರಾಗಿದ್ದ ಬರ್ಟ್ ಬೆಲ್ 1935ರಲ್ಲಿ ಮುಂದಿಟ್ಟ ಈ ಸಲಹೆ 1936ರಲ್ಲಿ ಮೊದಲ ಬಾರಿಗೆ ಜಾರಿಗೆ ಬಂತು. ಹಣವಿರುವ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಇತಿಹಾಸದ ಮೊಟ್ಟಮೊದಲ ಆಯ್ಕೆಯಾದ ಜೇ ಬರ್ವಾಂಗರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಬೇರೆ ಉದ್ಯೋಗ ಹಿಡಿದರು ಎಂಬುದನ್ನು ನೆನೆದರೆ, ಮೊದಲ ಸರದಿಗೆ ಬೆಲೆ ಕಟ್ಟುವುದು ಆ ದಿನದಿಂದಲೇ ಕಷ್ಟವಾಗಿತ್ತು ಎನ್ನಬೇಕು.

ನಮ್ಮ ಓದುಗರಿಗೆ ಐಪಿಎಲ್ ಹರಾಜು ಪರಿಚಿತ. ಅಲ್ಲಿ ಕೈಯಲ್ಲಿ ಹಣವಿರುವವರೆಗೆ ಯಾವ ತಂಡ ಯಾವ ಆಟಗಾರನಿಗೆ ಬೇಕಾದರೂ ಕೂಗಬಹುದು, ಬೆಲೆ ಎಲ್ಲರ ಕಣ್ಣೆದುರೇ ಏರುತ್ತದೆ. ಡ್ರಾಫ್ಟ್‌ನಲ್ಲಿ ಕೂಗುವುದಕ್ಕೆ ಅವಕಾಶವಿಲ್ಲ, ಸಂಬಳವೂ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ. ಹಾಗಾಗಿ ಪೈಪೋಟಿಯೆಲ್ಲ ಸರದಿಯ ಮೇಲೆ ಬೀಳುತ್ತದೆ. ಐಪಿಎಲ್‌ನಲ್ಲಿಯೂ ಒಮ್ಮೆ ಡ್ರಾಫ್ಟ್ ನಡೆದಿತ್ತು. 2008ರಲ್ಲಿ 19 ವರ್ಷದೊಳಗಿನ ವಿಶ್ವಕಪ್ ಗೆದ್ದ ಹುಡುಗರನ್ನು ಹಾಗೆ ಹಂಚಿದಾಗ, ಬ್ಯಾಟ್ಸ್‌ಮನ್‌ಗಳು ಸಾಕಷ್ಟಿದ್ದ ದೆಹಲಿ ತಂಡ ತನ್ನದೇ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು, ಕೊಹ್ಲಿ ಬೆಂಗಳೂರಿಗೆ ಬಂದರು. ಬೆಂಗಳೂರಿನ ತಂಡ ಅದಕ್ಕಾಗಿ ಯಾರಿಗೂ ಏನನ್ನೂ ಹೆಚ್ಚಿಗೆ ಕೊಡಬೇಕಾಗಿ ಬರಲಿಲ್ಲ. ತಾನಿದ್ದಲ್ಲೇ ಕಾದು ಕುಳಿತವನಿಗೂ ಕೆಲವೊಮ್ಮೆ ಎಲ್ಲಕ್ಕಿಂತ ದೊಡ್ಡ ಲಾಭ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ತಂಡಗಳು ಈ ಸರದಿಗಳನ್ನು ತಮ್ಮತಮ್ಮಲ್ಲಿ ಮಾರಬಹುದು, ಕೊಳ್ಳಬಹುದು. ಹಿಂದಿರುವ ತಂಡ ತನ್ನ ಸರದಿಯ ಜೊತೆಗೆ ಇನ್ನಷ್ಟು ಸೇರಿಸಿ ಕೊಟ್ಟು ಮುಂದಿನವರ ಜಾಗಕ್ಕೆ ಏರುವುದನ್ನೇ ಟ್ರೇಡ್ ಅಪ್ ಎನ್ನುತ್ತಾರೆ. ಹಾಗಾದರೆ ಎಷ್ಟು ಸೇರಿಸಬೇಕು? ಈ ಪ್ರಶ್ನೆಗೆ ಮೊದಲು ಅಂಕಿಗಳಲ್ಲಿ ಉತ್ತರ ಕೊಟ್ಟದ್ದು ಡಲ್ಲಾಸ್ ಕೌಬಾಯ್ಸ್ ತಂಡ. 1989ರಲ್ಲಿ ತನ್ನ ಓಟಗಾರ (ಚೆಂಡು ಹಿಡಿದು ಓಡುವ ಆಟಗಾರ) ಹರ್ಷೆಲ್ ವಾಕರ್‌ರನ್ನು ಮಿನೆಸೋಟಕ್ಕೆ ಕೊಟ್ಟು ರಾಶಿ ಸರದಿಗಳನ್ನು ಪಡೆದಿದ್ದ ಆ ತಂಡಕ್ಕೆ ಅವುಗಳನ್ನು ಬೇಗಬೇಗ ಮಾರಿ ಕೊಳ್ಳಲು ಒಂದು ಅಳತೆಗೋಲು ಬೇಕಾಗಿತ್ತು. ತಂಡದ ಪಾಲುದಾರರಲ್ಲಿ ಒಬ್ಬರಾದ, ತೈಲ ಉದ್ಯಮದಿಂದ ಬಂದಿದ್ದ ಮೈಕ್ ಮೆಕಾಯ್ 1991ರಲ್ಲಿ ಒಂದು ಕೋಷ್ಟಕ ಮಾಡಿಕೊಟ್ಟರು. ಆಗಿನ ತರಬೇತುದಾರ ಜಿಮ್ಮಿ ಜಾನ್ಸನ್ ಹೆಸರಿನಿಂದ ಅದು ಲೀಗ್ ತುಂಬ ಹಬ್ಬಿತು. ಅದರಲ್ಲಿ ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಮೂರನೆಯದಕ್ಕೆ 2,200, ಹತ್ತನೆಯದಕ್ಕೆ 1,300, ಹದಿನಾರನೆಯದಕ್ಕೆ 1,000. ಮೊದಲ ಸುತ್ತಿನ ಕೊನೆಯ, ಅಂದರೆ 32ನೆಯ ಸರದಿಗೆ 590. ಮೇಲಿನಿಂದ ಕೆಳಕ್ಕೆ ಬೆಲೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಟ್ರೇಡ್ ಅಪ್‌ನ ಬೆಲೆಯೆಲ್ಲ ಆ ಇಳಿಜಾರಿನಲ್ಲಿ ಅಡಗಿದೆ.

ಈ ಕೋಷ್ಟಕದ ಪ್ರಕಾರ ಬೇರ್ಸ್ ತಂಡ ತುಂಬಬೇಕಿದ್ದ ಅಂತರ 400 ಅಂಕ. ಅದು ಕೊಟ್ಟ 67ನೆಯ ಸರದಿಯೊಂದಕ್ಕೇ 255 ಅಂಕಗಳಿದ್ದವು, ಉಳಿದವೆರಡು ಸೇರಿದರೆ ಲೆಕ್ಕ ಸರಿದೂಗುತ್ತದೆ. ಅಂದರೆ ಮಾರುಕಟ್ಟೆಯ ದರದಲ್ಲಿ ಬೇರ್ಸ್ ಮೋಸಹೋಗಿರಲಿಲ್ಲ. ಕ್ಯಾನ್ಸಾಸ್ ಸಿಟಿ ಕೊಟ್ಟ 27ನೆಯ ಸರದಿಗೆ 680, 91ನೆಯದಕ್ಕೆ 136, ಒಟ್ಟು 816 ಅಂಕ. ಹತ್ತನೆಯ ಸರದಿಯ 1,300ಕ್ಕೆ ಕಡಿಮೆಬಿದ್ದ 484 ಅಂಕಗಳಿಗಾಗಿ ಅದು 2018ರ ಮೊದಲ ಸುತ್ತಿನ ತನ್ನ ಸರದಿಯನ್ನು ಬಫಲೊ ತಂಡಕ್ಕೆ ಬರೆದುಕೊಟ್ಟಿತು. ಮುಂದಿನ ವರ್ಷ ಆ ಸರದಿ 22ನೆಯದಾಗಿ ಬಂದಾಗ ಅದರ ಬೆಲೆ 780 ಅಂಕವಾಗಿತ್ತು. ಕೋಷ್ಟಕವನ್ನು ನಂಬುವುದಾದರೆ ದುಬಾರಿ ಬೆಲೆ ತೆತ್ತದ್ದು ಬೇರ್ಸ್ ಅಲ್ಲ, ಚೀಫ್ಸ್.

ಮೆಕಾಯ್ ಮಾಡಿದ್ದು ಹಿಂದಿನ ವರ್ಷಗಳಲ್ಲಿ ತಂಡಗಳು ಸರದಿಗಳನ್ನು ಹೇಗೆ ವಿನಿಮಯ ಮಾಡಿಕೊಂಡಿದ್ದವು ಎಂಬುದನ್ನು ನೋಡಿ, ಆ ವ್ಯವಹಾರಗಳಿಗೆ ಹೊಂದುವ ಒಂದು ರೇಖೆ ಎಳೆದದ್ದು. ಆಟಗಾರರು ಮುಂದೆ ಹೇಗೆ ಆಡಿದರು ಎಂಬುದು ಅದರಲ್ಲಿ ಬರುವುದೇ ಇಲ್ಲ. ಅದು ಬೆಲೆಯ ಪಟ್ಟಿಯೇ ಹೊರತು ಮೌಲ್ಯದ ಪಟ್ಟಿಯಲ್ಲ. ಊರಿನವರೆಲ್ಲ ಒಂದು ಸೈಟಿಗೆ ಇಷ್ಟು ಕೊಡುತ್ತಿದ್ದಾರೆ ಎಂಬುದು ಆ ಸೈಟು ಅಷ್ಟು ಬಾಳುತ್ತದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲವಷ್ಟೆ.

ಆ ವ್ಯತ್ಯಾಸವನ್ನು ಅಳೆದವರು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಸಹಸಂಶೋಧಕ ಕೇಡ್ ಮ್ಯಾಸಿ. 2017ರಲ್ಲಿ ನೊಬೆಲ್ ಪಡೆದ ಥೇಲರ್ ಅವರಿಗೆ ಜನರು ಹಣದ ವಿಷಯದಲ್ಲಿ ಮಾಡುವ ತಪ್ಪುಗಳಲ್ಲಿ ಬಹುಕಾಲದ ಆಸಕ್ತಿ. ಇಬ್ಬರೂ ಸೇರಿ 2005ರಿಂದ ಹೊರತಂದು 2013ರಲ್ಲಿ ಅಂತಿಮಗೊಳಿಸಿದ ಸಂಶೋಧನೆಯಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಆಟಗಾರರು ಒಬ್ಬರ ನಂತರ ಒಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನು ಎರಡನೆಯವನಿಗಿಂತ ಉತ್ತಮ ಆಟಗಾರನಾಗುವ ಸಂಭವ ಎಷ್ಟು? ಅವರಿಗೆ ಸಿಕ್ಕ ಉತ್ತರ ನೂರಕ್ಕೆ 52. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. ವರ್ಷವಿಡೀ ಊರೂರು ಸುತ್ತಿ ಕಾಲೇಜು ಪಂದ್ಯಗಳನ್ನು ನೋಡುವ, ಹುಡುಗರ ಎತ್ತರ ತೂಕ ವೇಗವನ್ನೆಲ್ಲ ಬರೆದಿಡುವ, ಸಂದರ್ಶನ ಮಾಡುವ ಪರಿಣತರ ಪಡೆಯಿದ್ದೂ, ಅಕ್ಕಪಕ್ಕದ ಇಬ್ಬರನ್ನು ಹೋಲಿಸುವಾಗ ಅವರ ತೀರ್ಪು ನಾಣ್ಯಕ್ಕಿಂತ ಎಳ್ಳಷ್ಟು ಮಾತ್ರ ಮೇಲು.

ಇದರಿಂದ ಪರಿಣತರಿಗೆ ಏನೂ ತಿಳಿಯದು ಎಂದು ಅರ್ಥಮಾಡಿಕೊಳ್ಳಬಾರದು. ಮೊದಲ ಸುತ್ತಿನ ಆಟಗಾರರು ಸರಾಸರಿಯಲ್ಲಿ ಐದನೆಯ ಸುತ್ತಿನವರಿಗಿಂತ ಬಹಳ ಚೆನ್ನಾಗಿ ಆಡುತ್ತಾರೆ, ಒಟ್ಟಾರೆ ಶ್ರೇಣಿ ಸರಿಯಾಗಿಯೇ ಇರುತ್ತದೆ. ತಪ್ಪುವುದು ಸೂಕ್ಷ್ಮದಲ್ಲಿ. ಟ್ರೇಡ್ ಅಪ್ ಮಾಡುವ ತಂಡ ಹಣ ಸುರಿಯುವುದೇ ಆ ಸೂಕ್ಷ್ಮದ ಮೇಲೆ. ಈ ಹುಡುಗನೇ ಬೇಕು, ನಮ್ಮ ಸರದಿ ಬರುವ ಹೊತ್ತಿಗೆ ಉಳಿಯುವ ಇನ್ನೊಬ್ಬ ಇವನಿಗೆ ಸಾಟಿಯಲ್ಲ ಎಂಬುದು ಅದರ ನಂಬಿಕೆ. ಅದರ ಮೇಲೆ, ಹತ್ತಾರು ತಂಡಗಳು ಒಬ್ಬನನ್ನೇ ಅಳೆಯುತ್ತಿರುವಾಗ ಅವನಿಗಾಗಿ ಅತಿ ಹೆಚ್ಚು ಕೊಡಲು ಮುಂದಾಗುವುದು ಸಾಮಾನ್ಯವಾಗಿ ಅವನ ಬಗ್ಗೆ ಅತಿ ಹೆಚ್ಚು ಆಸೆ ಕಟ್ಟಿಕೊಂಡ ತಂಡವೇ, ಅಂದರೆ ಅಂದಾಜು ಮೇಲ್ಮುಖವಾಗಿ ತಪ್ಪಿರುವ ಸಂಭವ ಹೆಚ್ಚಿರುವ ತಂಡವೇ. ಹರಾಜಿನಲ್ಲಿ ಗೆದ್ದವನು ಮನೆಗೆ ಬಂದು ಪರಿತಪಿಸುವುದಕ್ಕೆ ಇದೇ ಕಾರಣ.

ಇನ್ನು ಸಂಬಳದ ವಿಷಯ. ಈ ಲೀಗ್‌ನಲ್ಲಿ ಒಂದು ತಂಡ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ 1994ರಿಂದ ಮಿತಿಯಿದೆ. 2024ರಲ್ಲಿ ಅದು 25 ಕೋಟಿ 54 ಲಕ್ಷ ಡಾಲರ್ ಆಗಿತ್ತು. ಆದ್ದರಿಂದ ಆಟಗಾರನ ನಿಜವಾದ ಮೌಲ್ಯ ಅವನ ಆಟವಷ್ಟೇ ಅಲ್ಲ, ಆಟದಿಂದ ಸಂಬಳ ಕಳೆದು ಉಳಿಯುವ ಹೆಚ್ಚಳ. 2010ರಲ್ಲಿ ಮೊದಲ ಸರದಿಯಲ್ಲಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ ಒಂದು ಪಂದ್ಯ ಆಡುವ ಮೊದಲೇ 7 ಕೋಟಿ 80 ಲಕ್ಷ ಡಾಲರ್‌ಗಳ ಆರು ವರ್ಷದ ಕರಾರು ಸಿಕ್ಕಿತು, ಅದರಲ್ಲಿ 5 ಕೋಟಿಗೆ ಖಾತರಿಯಿತ್ತು. ಮಾರನೆಯ ವರ್ಷ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಹೊಸ ಒಪ್ಪಂದ ಹೊಸಬರ ಸಂಬಳವನ್ನು ಕಟ್ಟಿಹಾಕಿತು. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ದೊರೆತದ್ದು ಸುಮಾರು 2 ಕೋಟಿ 20 ಲಕ್ಷ ಮಾತ್ರ.

ಆ ಒಂದು ಬದಲಾವಣೆ ಟ್ರೇಡ್ ಅಪ್ ಲೆಕ್ಕವನ್ನು ಒಂದೇ ಒಂದು ಸ್ಥಾನಕ್ಕೆ ಸಂಬಂಧಿಸಿದಂತೆ ತಲೆಕೆಳಗು ಮಾಡಿತು. 2024ರಲ್ಲಿ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್‌ಗಳ ಕರಾರಿಗೆ ಸಹಿ ಹಾಕಿದರು. ಅದೇ ವರ್ಷದ ಮೊದಲ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ಗೆ ನಾಲ್ಕು ವರ್ಷಕ್ಕೆ ಸೇರಿ ಸಿಕ್ಕದ್ದು ಸುಮಾರು 3 ಕೋಟಿ 95 ಲಕ್ಷ. ಹೊಸ ಕ್ವಾರ್ಟರ್‌ಬ್ಯಾಕ್ ಮಧ್ಯಮ ಮಟ್ಟದಲ್ಲಿ ಆಡಿದರೂ ತಂಡಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಉಳಿಯುತ್ತದೆ, ಆ ಹಣದಲ್ಲಿ ಬೇರೆ ಸ್ಥಾನಗಳಿಗೆ ಪಳಗಿದ ಆಟಗಾರರನ್ನು ತರಬಹುದು. ಓಟಗಾರನೋ ರಕ್ಷಣಾ ಆಟಗಾರನೋ ಆದರೆ ಹಾಗೆ ಉಳಿಯುವ ಮೊತ್ತ ಬಹಳ ಸಣ್ಣದು. ಕ್ವಾರ್ಟರ್‌ಬ್ಯಾಕ್ ಅಲ್ಲದವನಿಗಾಗಿ ಭವಿಷ್ಯದ ಮೊದಲ ಸುತ್ತಿನ ಸರದಿಯನ್ನು ಕೊಡುವುದು ಬಹುತೇಕ ಯಾವಾಗಲೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಎಲ್ಲರೂ ಎತ್ತಿ ತೋರಿಸುವ ಸಾಕ್ಷಿ 1999ರದು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ತರಬೇತುದಾರ ಮೈಕ್ ಡಿಟ್ಕ ಹನ್ನೆರಡನೆಯ ಸ್ಥಾನದಿಂದ ಐದನೆಯ ಸ್ಥಾನಕ್ಕೆ ಏರಲು ಆ ವರ್ಷದ ತಮ್ಮ ಸರದಿಗಳನ್ನೆಲ್ಲ ಒಂದನ್ನೂ ಬಿಡದೆ ಕೊಟ್ಟು, ಮೇಲೆ 2000ದ ಮೊದಲ ಮತ್ತು ಮೂರನೆಯ ಸುತ್ತಿನ ಸರದಿಗಳನ್ನೂ ವಾಷಿಂಗ್ಟನ್ ತಂಡಕ್ಕೆ ಒಪ್ಪಿಸಿ ರಿಕಿ ವಿಲಿಯಮ್ಸ್ ಎಂಬ ಓಟಗಾರನನ್ನು ತಂದರು. ವಿಲಿಯಮ್ಸ್ ಕೆಟ್ಟ ಆಟಗಾರನೇನಲ್ಲ. ಆದರೆ ಒಬ್ಬನನ್ನು ಬಿಟ್ಟು ಹೊಸಬರೇ ಇಲ್ಲದ ತಂಡ ಆ ಋತುವಿನಲ್ಲಿ 16 ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಮೂರು, ಡಿಟ್ಕರ ಕೆಲಸವೂ ಹೋಯಿತು. ಅಷ್ಟು ಸೋತ ಕಾರಣಕ್ಕೆ ಸೇಂಟ್ಸ್ ಮೊದಲೇ ಬರೆದುಕೊಟ್ಟಿದ್ದ 2000ದ ಸರದಿ ಒಟ್ಟಾರೆ ಎರಡನೆಯದಾಯಿತು. ವಾಷಿಂಗ್ಟನ್ ಅದರಲ್ಲಿ ಲವಾರ್ ಆ್ಯರಿಂಗ್ಟನ್ ಎಂಬ ಬಲಿಷ್ಠ ರಕ್ಷಣಾ ಆಟಗಾರನನ್ನು ಆರಿಸಿಕೊಂಡಿತು.

ಟ್ರೇಡ್ ಅಪ್ ಕುರಿತ ಚರ್ಚೆಯಲ್ಲಿ ಹೆಚ್ಚಿನವರು ಕಡೆಗಣಿಸುವ ಅಂಶ ಈ ಕೊನೆಯ ತಿರುವಿನಲ್ಲಿದೆ. ಈ ವರ್ಷದ ಸರದಿಯ ಸಂಖ್ಯೆ ವ್ಯವಹಾರದ ದಿನವೇ ಗೊತ್ತಿರುತ್ತದೆ, ಅದಕ್ಕೆ ಬೆಲೆ ಕಟ್ಟಬಹುದು. ಮುಂದಿನ ವರ್ಷದ ಸರದಿಯ ಸಂಖ್ಯೆಯನ್ನು ನಿರ್ಧರಿಸುವುದು ಅದನ್ನು ಕೊಟ್ಟ ತಂಡದ ಮುಂದಿನ ಸೋಲುಗಳು. ಮಳೆ ಹೇಗೆ ಬರುತ್ತದೋ ತಿಳಿಯದೆ ಮುಂದಿನ ವರ್ಷದ ಬೆಳೆಯನ್ನು ಒತ್ತೆ ಇಟ್ಟಂತೆ ಇದು. ಒಂದು ವ್ಯತ್ಯಾಸವೆಂದರೆ, ಇಲ್ಲಿ ಬೆಳೆ ಕೆಟ್ಟಷ್ಟೂ ಸಾಲ ದೊಡ್ಡದಾಗುತ್ತದೆ. ದುರ್ಬಲ ತಂಡ ತನ್ನ ದೌರ್ಬಲ್ಯಕ್ಕೆ ಪರಿಹಾರವೆಂದು ಒಬ್ಬನನ್ನು ತರುತ್ತದೆ, ಅವನು ತಕ್ಷಣ ಕೈಹಿಡಿಯದಿದ್ದರೆ ತಂಡ ಮತ್ತೆ ಸೋಲುತ್ತದೆ, ಆ ಸೋಲಿನ ಏಕೈಕ ಸಮಾಧಾನವಾಗಬೇಕಿದ್ದ ಮೇಲಿನ ಸರದಿ ಬೇರೆಯವರ ಪಾಲಾಗುತ್ತದೆ.

2023ರಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ತಂಡಕ್ಕೆ ಆದದ್ದು ಅದೇ. ಒಂಬತ್ತನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಹೋಗಲು ಅದು ಬೇರ್ಸ್ ತಂಡಕ್ಕೆ ಒಂಬತ್ತನೆಯ ಮತ್ತು 61ನೆಯ ಸರದಿಗಳನ್ನೂ 2024ರ ಮೊದಲ ಸುತ್ತಿನ ಮತ್ತು 2025ರ ಎರಡನೆಯ ಸುತ್ತಿನ ಸರದಿಗಳನ್ನೂ, ಜೊತೆಗೆ ತನ್ನ ಅತ್ಯುತ್ತಮ ಚೆಂಡು ಹಿಡಿಯುವ ಆಟಗಾರ ಡಿ.ಜೆ. ಮೂರ್‌ರನ್ನೂ ಕೊಟ್ಟಿತು. ಆರಿಸಿದ್ದು ಬ್ರೈಸ್ ಯಂಗ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಹೊಸ ಹುಡುಗನಿಗೆ ಚೆಂಡು ಹಿಡಿಯಬಲ್ಲವರೇ ಕಡಿಮೆಯಾದ ತಂಡ ಆ ಋತುವಿನಲ್ಲಿ ಎರಡು ಗೆದ್ದು ಹದಿನೈದು ಸೋತಿತು. ತರಬೇತುದಾರ ಫ್ರ್ಯಾಂಕ್ ರೈಕ್ ಅವರನ್ನು ಋತು ಮುಗಿಯುವ ಮೊದಲೇ ಮನೆಗೆ ಕಳಿಸಲಾಯಿತು. ಶಿಕಾಗೊಗೆ ಕೊಟ್ಟಿದ್ದ 2024ರ ಸರದಿ ಒಟ್ಟಾರೆ ಮೊದಲನೆಯದಾಗಿ, ಬೇರ್ಸ್ ಅದರಲ್ಲಿ ಕೇಲೆಬ್ ವಿಲಿಯಮ್ಸ್‌ನನ್ನು ಆರಿಸಿತು. ಮೆಕಾಯ್ ಕೋಷ್ಟಕದಲ್ಲಿ 3,000 ಅಂಕದ ಸರದಿಗಾಗಿ ಪ್ಯಾಂಥರ್ಸ್ ಕೊಟ್ಟ ಕಂತುಗಳಲ್ಲಿ ಒಂದೇ 3,000 ಅಂಕದ್ದಾಯಿತು, ಉಳಿದದ್ದೆಲ್ಲ ಬಡ್ಡಿ.

ಇದು ಒಂಟಿ ಪ್ರಸಂಗವಲ್ಲ. 2017ರಲ್ಲಿ ಡೆಶಾನ್ ವಾಟ್ಸನ್‌ಗಾಗಿ ಹ್ಯೂಸ್ಟನ್ ಕೊಟ್ಟ ಮರುವರ್ಷದ ಸರದಿ ನಾಲ್ಕನೆಯದಾಯಿತು. 2021ರಲ್ಲಿ ಬೇರ್ಸ್ ತಂಡವೇ ಮತ್ತೊಮ್ಮೆ ಜಸ್ಟಿನ್ ಫೀಲ್ಡ್ಸ್‌ಗಾಗಿ ಏರಿದಾಗ ಕೊಟ್ಟ ಸರದಿ ಏಳನೆಯದಾಯಿತು. ಟ್ರುಬಿಸ್ಕಿ ಮತ್ತು ಫೀಲ್ಡ್ಸ್ ಇಬ್ಬರಿಗಾಗಿಯೂ ಬೇರ್ಸ್ ಪರವಾಗಿ ವ್ಯವಹಾರ ಮಾಡಿದ ಪ್ರಧಾನ ವ್ಯವಸ್ಥಾಪಕ ರಯಾನ್ ಪೇಸ್ 2022ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು, ಏಳನೆಯ ಸರದಿ ಇಲ್ಲದ ಡ್ರಾಫ್ಟ್‌ಗೆ ಹಾಜರಾದವರು ಅವರ ನಂತರ ಬಂದವರು. ತಂಡದ ಸಾಲಕ್ಕೂ ಸಾಲ ಮಾಡಿದವನ ಆಯುಸ್ಸಿಗೂ ಹೊಂದಾಣಿಕೆಯಿಲ್ಲದ ಇಂಥ ವ್ಯವಸ್ಥೆಯಲ್ಲಿ ನಾಳೆಯ ಸರದಿ ಇಂದಿನ ಸರದಿಗಿಂತ ತೀರ ಅಗ್ಗವಾಗಿ ಕಾಣುವುದು ಸಹಜ. ಥೇಲರ್ ಮತ್ತು ಮ್ಯಾಸಿ ಲೆಕ್ಕಹಾಕಿದಂತೆ, ತಂಡಗಳು ಮುಂದಿನ ವರ್ಷದ ಸರದಿಯನ್ನು ಕೊಟ್ಟು ಈ ವರ್ಷದ್ದನ್ನು ಕೊಳ್ಳುವಾಗ ತೆರುವ ಬಡ್ಡಿ ವರ್ಷಕ್ಕೆ ನೂರಕ್ಕೆ 136. ಯಾವ ಕೈಸಾಲದವನೂ ಬಾಯಿಬಿಟ್ಟು ಕೇಳಲು ಸಂಕೋಚಪಡುವ ದರ ಇದು.

ಈಗ ಬಲಿಷ್ಠ ತಂಡದ ಕಡೆಯಿಂದ ನೋಡೋಣ. 2016ರ ಋತುವಿನಲ್ಲಿ ಕ್ಯಾನ್ಸಾಸ್ ಸಿಟಿ 12 ಪಂದ್ಯ ಗೆದ್ದಿತ್ತು, ಅಲೆಕ್ಸ್ ಸ್ಮಿತ್ ಎಂಬ ನಂಬಿಕಸ್ತ ಕ್ವಾರ್ಟರ್‌ಬ್ಯಾಕ್ ಅದಕ್ಕಿದ್ದರು. ಅದು ಕೊಟ್ಟ ಮರುವರ್ಷದ ಸರದಿ ಹೇಗಿದ್ದರೂ ಕೆಳಗೇ ಬರುತ್ತದೆ ಎಂಬ ಧೈರ್ಯ ಇತ್ತು. ಮಹೋಮ್ಸ್ ಒಂದು ಋತುವಿಡೀ ಬೆಂಚಿನಲ್ಲಿ ಕುಳಿತು ಕಲಿತು, ಕೊನೆಯ ಪಂದ್ಯವೊಂದನ್ನು ಮಾತ್ರ ಆರಂಭಿಸಿದರು. 2018ರಲ್ಲಿ 50 ಟಚ್‌ಡೌನ್ ಪಾಸ್‌ಗಳನ್ನು, ಅಂದರೆ ನೇರವಾಗಿ ಅಂಕ ತಂದುಕೊಡುವ ಎಸೆತಗಳನ್ನು, ಎಸೆದು ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದರು. ಅವರು ಒಂದು ವೇಳೆ ವಿಫಲರಾಗಿದ್ದರೂ ಚೀಫ್ಸ್ ಕಳೆದುಕೊಳ್ಳುತ್ತಿದ್ದದ್ದು 22ರ ಆಸುಪಾಸಿನ ಒಂದು ಸರದಿ.

ವಿಫಲವಾದರೆ ಏನಾಗುತ್ತದೆ ಎಂಬುದನ್ನು ಫಾರ್ಟಿನೈನರ್ಸ್ ತಾನೇ ಮಾಡಿ ತೋರಿಸಿತು. 2021ರಲ್ಲಿ ಹನ್ನೆರಡರಿಂದ ಮೂರಕ್ಕೆ ಏರಲು ಅದು ಮಯಾಮಿಗೆ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಒಂದು ಮೂರನೆಯ ಸುತ್ತಿನದನ್ನೂ ಕೊಟ್ಟು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಲ್ಯಾನ್ಸ್ ಆ ತಂಡದ ಪರ ಆರಂಭಿಸಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೆಯ ಸುತ್ತಿನ ಸರದಿಗೆ ಅವರನ್ನು ಡಲ್ಲಾಸ್‌ಗೆ ಮಾರಲಾಯಿತು. ವ್ಯವಹಾರವಾಗಿ ಇದಕ್ಕಿಂತ ಕೆಟ್ಟದ್ದು ಹೆಚ್ಚಿಲ್ಲ. ಆದರೂ ತಂಡ ಮುಳುಗಲಿಲ್ಲ, ಕಾರಣ ಅದು ಗೆಲ್ಲುತ್ತಲೇ ಇದ್ದುದರಿಂದ ಕೊಟ್ಟ ಎರಡು ಸರದಿಗಳೂ 29ನೆಯವಾಗಿ ಹೋದವು. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಸರದಿಯಲ್ಲಿ ಸಿಕ್ಕ ಬ್ರಾಕ್ ಪರ್ಡಿ 2024ರ ಫೆಬ್ರುವರಿಯಲ್ಲಿ ಅದನ್ನು ಸೂಪರ್ ಬೌಲ್‌ಗೆ ಒಯ್ದರು.

ಹೀಗಾಗಿ ಟ್ರೇಡ್ ಅಪ್ ಯಾರಿಗೆ ಅತ್ಯಗತ್ಯ ಎನಿಸುತ್ತದೋ ಅವರಿಗೆ ಅದು ಅತಿ ಅಪಾಯಕಾರಿ, ಯಾರಿಗೆ ಅಷ್ಟೇನೂ ಅವಸರವಿಲ್ಲವೋ ಅವರಿಗೆ ಅದು ಕೈಗೆಟುಕುವ ಬೆಲೆಯದು. ಇದನ್ನು ಕೇಳಿದ ಸೋತ ತಂಡದ ಅಭಿಮಾನಿ, ಹಾಗಾದರೆ ನಮಗೆ ಕ್ವಾರ್ಟರ್‌ಬ್ಯಾಕ್ ಎಂದಿಗೂ ಬೇಡವೇ ಎಂದು ಕೇಳುವುದು ನ್ಯಾಯವೇ. ನಿಜವಾಗಿ ಸೋತ ತಂಡಕ್ಕೆ ಡ್ರಾಫ್ಟ್ ತಾನಾಗಿಯೇ ಮೇಲಿನ ಸರದಿ ಕೊಡುತ್ತದೆ. 2023ರಲ್ಲಿ ಎರಡನೆಯ ಸರದಿಯಲ್ಲಿದ್ದ ಹ್ಯೂಸ್ಟನ್ ತನ್ನ ಜಾಗದಲ್ಲೇ ಕುಳಿತು, ಪ್ಯಾಂಥರ್ಸ್ ಬಿಟ್ಟ ಸಿ.ಜೆ. ಸ್ಟ್ರೌಡ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಪಡೆಯಿತು. ಅವರು ಆ ವರ್ಷ ಆಕ್ರಮಣ ವಿಭಾಗದ ಶ್ರೇಷ್ಠ ಹೊಸಬ ಎನಿಸಿದರು. ನನ್ನ ವಾದಕ್ಕೆ ಮುಳ್ಳಾಗುವ ಸಂಗತಿಯೂ ಅಲ್ಲೇ ಇದೆ. ಮರುಕ್ಷಣವೇ ಅದೇ ಹ್ಯೂಸ್ಟನ್, ಹಿಂದಿನ ಋತುವಿನಲ್ಲಿ ಮೂರೇ ಪಂದ್ಯ ಗೆದ್ದಿದ್ದ ತಂಡ, 2024ರ ಮೊದಲ ಸುತ್ತಿನ ತನ್ನ ಸರದಿಯನ್ನೂ ಸೇರಿಸಿ ಕೊಟ್ಟು ಮೂರನೆಯ ಸ್ಥಾನಕ್ಕೆ ಏರಿ ವಿಲ್ ಆ್ಯಂಡರ್ಸನ್ ಎಂಬ ರಕ್ಷಣಾ ಆಟಗಾರನನ್ನು ತಂದಿತು. ಸ್ಟ್ರೌಡ್ ದೆಸೆಯಿಂದ ತಂಡ ಗೆಲ್ಲತೊಡಗಿದ್ದರಿಂದ ಕೊಟ್ಟ ಸರದಿ 27ನೆಯದಾಯಿತು, ಆ್ಯಂಡರ್ಸನ್ ಕೂಡ ರಕ್ಷಣಾ ವಿಭಾಗದ ಶ್ರೇಷ್ಠ ಹೊಸಬ ಎನಿಸಿದರು. ಆ ರಾತ್ರಿ ನನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ.

ಕೊಡುವ ಬೆಲೆ ಭವಿಷ್ಯದ ಮೊದಲ ಸುತ್ತನ್ನು ಮುಟ್ಟದಿದ್ದರೆ ಲೆಕ್ಕ ಇನ್ನೂ ಸುಲಭವಾಗುತ್ತದೆ. 2018ರಲ್ಲಿ ಬಫಲೊ ತಂಡ ಜಾಶ್ ಅಲೆನ್‌ಗಾಗಿ ಎರಡು ಹೆಜ್ಜೆಯಲ್ಲಿ ಮೇಲೇರಿತು. ಮೊದಲು 21ರಿಂದ 12ಕ್ಕೆ ಏರಲು ಕಾರ್ಡಿ ಗ್ಲೆನ್ ಎಂಬ ಆಟಗಾರನನ್ನು ಕೊಟ್ಟಿತು, ಆಮೇಲೆ ಡ್ರಾಫ್ಟ್‌ನ ದಿನ 12ರಿಂದ ಏಳಕ್ಕೆ ಏರಲು ಎರಡನೆಯ ಸುತ್ತಿನ ಎರಡು ಸರದಿಗಳನ್ನು ಕೊಟ್ಟಿತು. 2019ರ ಮೊದಲ ಸುತ್ತನ್ನು ಮುಟ್ಟಲಿಲ್ಲ. ಮಹೋಮ್ಸ್ ವ್ಯವಹಾರದಲ್ಲಿ ಸಿಕ್ಕ ಹೆಚ್ಚುವರಿ ಸರದಿ ಮನೆಯಲ್ಲಿದ್ದುದರಿಂದ ಅದಕ್ಕೆ ಕೈ ಬಿಗಿಹಿಡಿಯಬೇಕಾದ ಅಗತ್ಯವೂ ಇರಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಬಾಲ್ಟಿಮೋರ್ ಮಾಡಿದ್ದು ಇನ್ನೂ ಜಾಣತನದ ಕೆಲಸ. ಎರಡನೆಯ ಸುತ್ತಿನ ನಡುವಿನಿಂದ 32ನೆಯ ಸ್ಥಾನಕ್ಕೆ, ಅಂದರೆ ಮೊದಲ ಸುತ್ತಿನ ಕೊನೆಯ ಸರದಿಗೆ ಬಂದು ಅದು ಲಮಾರ್ ಜ್ಯಾಕ್ಸನ್‌ನನ್ನು ಆರಿಸಿತು. 32ಕ್ಕೂ 33ಕ್ಕೂ ಕೋಷ್ಟಕದಲ್ಲಿ ಇರುವ ವ್ಯತ್ಯಾಸ ಬರೀ ಹತ್ತು ಅಂಕ. ಆದರೆ ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಕರಾರನ್ನು ಮಾತ್ರ ತಂಡ ತನ್ನಿಚ್ಛೆಯಿಂದ ಐದನೆಯ ವರ್ಷಕ್ಕೆ ವಿಸ್ತರಿಸಬಹುದು ಎಂಬ ನಿಯಮವಿದೆ, ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಆ ಒಂದು ವರ್ಷಕ್ಕೆ ಚಿನ್ನದ ಬೆಲೆ. ಜ್ಯಾಕ್ಸನ್ 2019 ಮತ್ತು 2023ರ ಋತುಗಳಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು.

ಮಾರಿದವನು ಯಾವಾಗಲೂ ಲಾಭ ಮಾಡಿಕೊಳ್ಳುತ್ತಾನೆ ಎಂದೂ ತಿಳಿಯಬಾರದು. 2011ರಲ್ಲಿ ಅಟ್ಲಾಂಟ ತಂಡ ಜೂಲಿಯೊ ಜೋನ್ಸ್‌ಗಾಗಿ 27ರಿಂದ ಆರಕ್ಕೆ ಏರಲು ಕ್ಲೀವ್‌ಲ್ಯಾಂಡ್‌ಗೆ ಐದು ಸರದಿಗಳನ್ನು ಕೊಟ್ಟಿತು. ಜೋನ್ಸ್ ಒಂದು ದಶಕ ಅಟ್ಲಾಂಟದ ಬೆನ್ನೆಲುಬಾದರು, ಕ್ಲೀವ್‌ಲ್ಯಾಂಡ್ ಪಡೆದ ಸರದಿಗಳಲ್ಲಿ ಒಂದು 28 ವರ್ಷದ ಹೊಸಬ ಕ್ವಾರ್ಟರ್‌ಬ್ಯಾಕ್ ಬ್ರ್ಯಾಂಡನ್ ವೀಡನ್ ಮೇಲೆ ವ್ಯರ್ಥವಾಯಿತು. ಸರದಿ ಎಂಬುದು ಬೀಜದ ಚೀಲದಂತೆ, ಬಿತ್ತಲು ಬಾರದವನ ಕಣಜದಲ್ಲಿ ಅದು ಹುಳು ಹಿಡಿಯುತ್ತದೆ.

ಮಾರಿದವರ ಕಥೆಯಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ್ದು ವಿಶೇಷ. 2012ರಲ್ಲಿ ವಾಷಿಂಗ್ಟನ್ ತಂಡ ಆರರಿಂದ ಎರಡನೆಯ ಸ್ಥಾನಕ್ಕೆ ಬಂದು ರಾಬರ್ಟ್ ಗ್ರಿಫಿನ್‌ರನ್ನು ಪಡೆಯಲು ರ‍್ಯಾಮ್ಸ್‌ಗೆ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಒಂದು ಎರಡನೆಯ ಸುತ್ತಿನ ಸರದಿಯನ್ನೂ ಕೊಟ್ಟಿತು. ಗ್ರಿಫಿನ್ ಮೊದಲ ಋತುವಿನಲ್ಲಿ ಮಿಂಚಿ, ಅದರ ಕೊನೆಯ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಮತ್ತೆ ಆ ಮಟ್ಟಕ್ಕೆ ಏರಲಿಲ್ಲ. ಅದೇ ಡ್ರಾಫ್ಟ್‌ನ ನಾಲ್ಕನೆಯ ಸುತ್ತಿನಲ್ಲಿ ವಾಷಿಂಗ್ಟನ್ ಸುಮ್ಮನೆ ಇರಲಿ ಎಂದು ಆರಿಸಿಕೊಂಡ ಕರ್ಕ್ ಕಸಿನ್ಸ್ ಮುಂದೆ ಅದರ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. 2014ರ ಡಿಸೆಂಬರ್ 7ರಂದು ಎರಡೂ ತಂಡಗಳು ಎದುರಾದಾಗ, ರ‍್ಯಾಮ್ಸ್ ತರಬೇತುದಾರ ಜೆಫ್ ಫಿಷರ್ ಆ ವ್ಯವಹಾರದ ಸರದಿಗಳಿಂದ ಬಂದ ಆರು ಆಟಗಾರರನ್ನು ನಾಯಕರನ್ನಾಗಿಸಿ ಟಾಸ್‌ಗೆ ಮೈದಾನದ ನಡುವೆ ಕಳಿಸಿದರು. ಪಂದ್ಯವನ್ನು ರ‍್ಯಾಮ್ಸ್ 24–0ಯಿಂದ ಗೆದ್ದಿತು.

ಆದರೆ ಅಷ್ಟೊಂದು ಸರದಿ ಕೂಡಿಹಾಕಿಯೂ ರ‍್ಯಾಮ್ಸ್ ಆ ವರ್ಷಗಳ ಒಂದು ಋತುವಿನಲ್ಲೂ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆಲ್ಲಲಿಲ್ಲ, ಏಕೆಂದರೆ ಅದಕ್ಕೆ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಟಾಸ್‌ಗೆ ಆರು ಜನರನ್ನು ಕಳಿಸಿದ ಹದಿನಾರು ತಿಂಗಳ ನಂತರ, 2016ರ ಏಪ್ರಿಲ್‌ನಲ್ಲಿ, ಲಾಸ್ ಏಂಜಲೀಸ್‌ಗೆ ಆಗತಾನೆ ಸ್ಥಳಾಂತರಗೊಂಡಿದ್ದ ಅದೇ ತಂಡ ಹದಿನೈದನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಏರಲು 2017ರ ಮೊದಲ ಸುತ್ತೂ ಸೇರಿದಂತೆ ಆರು ಸರದಿಗಳನ್ನು ಟೆನೆಸಿಗೆ ಕೊಟ್ಟು ಜ್ಯಾರೆಡ್ ಗಾಫ್‌ನನ್ನು ಆರಿಸಿತು. ಆ ಋತುವಿನಲ್ಲಿ ಅದು ನಾಲ್ಕೇ ಪಂದ್ಯ ಗೆದ್ದಿತು, ಫಿಷರ್ ಕೆಲಸ ಕಳೆದುಕೊಂಡರು, ಟೆನೆಸಿಗೆ ಬರೆದುಕೊಟ್ಟಿದ್ದ ಸರದಿ ಐದನೆಯದಾಯಿತು.